ವಾಗ್ದಾನದ ವಚನ ಕೈಯಲ್ಲಿದೆ, ಮನಸ್ಸು ನಿಲ್ಲುತ್ತಿಲ್ಲ: ಅನುಭವ ಇದ್ದವರು ತಿಳಿಸಿ

ಪ್ರಶ್ನೆ: ವರ್ಷದ ಕೊನೆಯ ರಾತ್ರಿಯ ಆರಾಧನೆಯಲ್ಲಿ ಹೊಸ ವರ್ಷಕ್ಕೆಂದು ನನಗೆ ಬಂದ ವಾಗ್ದಾನದ ಕಾರ್ಡಿನಲ್ಲಿ (ಸತ್ಯವೇದದ ಒಂದು ವಚನ ಅಚ್ಚಾಗಿರುವ ಕಾರ್ಡು) ಯೆರೆಮೀಯ 29:11 ಇತ್ತು. ನಿಮಗೆ ಹಿತವನ್ನೇ ಯೋಚಿಸಿದ್ದೇನೆ, ಕೇಡನ್ನಲ್ಲ ಎಂಬ ವಚನ. ಆ ವರ್ಷವೇ ಅಪ್ಪನಿಗೆ ಪಾರ್ಶ್ವವಾಯು ಹೊಡೆಯಿತು, ನನ್ನ ಮದುವೆಯ ಮಾತುಕತೆ ಮುರಿದುಬಿತ್ತು. ಪ್ರಾರ್ಥನಾ ಕೂಟದಲ್ಲಿ ಎಲ್ಲರೊಂದಿಗೆ ಗಟ್ಟಿಯಾಗಿ ಆಮೆನ್ ಹೇಳುತ್ತೇನೆ, ಒಳಗೆ ಏನೂ ಇರುವುದಿಲ್ಲ. ನಟನೆಯಿಲ್ಲದ ನಂಬಿಕೆ ನಿಮಗೆ ಹೇಗೆ ಬಂತು?

ಧಾರವಾಡದಿಂದ, ನಿವೃತ್ತ ಶಿಕ್ಷಕಿ:
ತಂಗಿ, ಕಾರ್ಡಿನಲ್ಲಿ ಅಚ್ಚಾಗದ ಹತ್ತನೆಯ ವಚನವನ್ನು ಮೊದಲು ಓದು. ಬಾಬೆಲಿಗೆ ಸೆರೆಹೋದ ಯೆಹೂದ್ಯರಿಗೆ ಪ್ರವಾದಿ ಯೆರೆಮೀಯ ಯೆರೂಸಲೇಮಿನಿಂದ ಬರೆದು ಕಳುಹಿಸಿದ ಪತ್ರ ಅದು. 70 ವರ್ಷ ತುಂಬಿದ ಮೇಲೆ ನಿಮ್ಮನ್ನು ಹಿಂದಕ್ಕೆ ಕರೆತರುತ್ತೇನೆ ಎನ್ನುತ್ತಾನೆ ದೇವರು. ಅದನ್ನು ಕೇಳಿಸಿಕೊಂಡ ದೊಡ್ಡವರಲ್ಲಿ ಎಷ್ಟು ಜನ ಆ ದಿನವನ್ನು ಕಂಡಾರು? ಅವರಿಗೂ ಅದೇ ಪತ್ರದಲ್ಲಿ ಮಾತಿದೆ: ಮನೆ ಕಟ್ಟಿಕೊಳ್ಳಿ, ತೋಟ ಮಾಡಿ ಅದರ ಫಲ ತಿನ್ನಿ, ಮಕ್ಕಳಿಗೆ ಮದುವೆ ಮಾಡಿ, ನೀವಿರುವ ಪಟ್ಟಣಕ್ಕಾಗಿ ಪ್ರಾರ್ಥಿಸಿ. ಹಿಂದಿನ ಅಧ್ಯಾಯದಲ್ಲಿ ಹನನ್ಯನೆಂಬ ಪ್ರವಾದಿ ಎರಡೇ ವರ್ಷದಲ್ಲಿ ಎಲ್ಲವೂ ಸರಿಹೋಗುತ್ತದೆ ಎಂದು ದೇವರ ಹೆಸರಿನಲ್ಲಿ ಸಾರಿದ್ದ. ಕೇಳಲು ಹಿತವಾಗಿದ್ದ ಆ ಮಾತು ಸುಳ್ಳಾಗಿತ್ತು.

ನಮ್ಮ ಯಜಮಾನರು ಡಯಾಲಿಸಿಸ್‌ಗೆ ಹೋಗುತ್ತಿದ್ದ ವರ್ಷಗಳಲ್ಲಿ ನೋಡಲು ಬಂದವರೆಲ್ಲ ಹನನ್ಯನಂತೆಯೇ ಧೈರ್ಯ ಹೇಳಿ ಹೋಗುತ್ತಿದ್ದರು. ಪ್ರೀತಿಯಿಂದಲೇ ಹೇಳಿದರು, ಆದರೂ ಅದು ಭಾರವಾಗುತ್ತಿತ್ತು. ಯಜಮಾನರು ನನ್ನಿಂದ ಕೇಳಿ ಓದಿಸಿಕೊಳ್ಳುತ್ತಿದ್ದದ್ದು 88ನೆಯ ಕೀರ್ತನೆಯನ್ನು. ಒಂದು ಕೈಗೆ ಸೂಜಿ ಚುಚ್ಚಿ ಟೇಪು ಅಂಟಿಸಿರುತ್ತಿದ್ದರು, ಇನ್ನೊಂದು ಕೈಯ ಬೆರಳು ಸತ್ಯವೇದದ ಸಾಲಿನ ಮೇಲೆ ಇರುತ್ತಿತ್ತು. ಆ ಕೀರ್ತನೆ ಕತ್ತಲೆಯಲ್ಲಿಯೇ ಮುಗಿಯುತ್ತದೆ, ಕೊನೆಗೆ ಒಂದು ಸ್ತೋತ್ರದ ಸಾಲೂ ಇಲ್ಲ. ಇಂಥ ದೂರನ್ನು ದೇವರು ತನ್ನ ವಾಕ್ಯದೊಳಗೇ ಇಟ್ಟುಕೊಂಡಿದ್ದಾನಲ್ಲ, ನಾನು ಆತನ ಮುಂದೆ ಕಣ್ಣೊರೆಸಿಕೊಂಡು ಬರಬೇಕಾಗಿಲ್ಲ ಎಂಬುದು ನನಗೆ ಅಲ್ಲಿ ಖಚಿತವಾಯಿತು. ಯಜಮಾನರು ಉಳಿಯಲಿಲ್ಲ. ನಿನ್ನನ್ನು ಎಂದಿಗೂ ಕೈಬಿಡುವುದಿಲ್ಲ ಎಂದು ಇಬ್ರಿಯ 13ರಲ್ಲಿ ಇರುವ ಮಾತು ಮಾತ್ರ ಅವರ ಕೊನೆಯ ದಿನದವರೆಗೂ ಸುಳ್ಳಾಗಲಿಲ್ಲ. ಇದನ್ನು ನಾನು ಕಂಡು ಹೇಳುತ್ತಿದ್ದೇನೆ.

ಮಂಗಳೂರಿನಿಂದ:
ನಮ್ಮದು ಕ್ಯಾಥೊಲಿಕ್ ಮನೆ. ಸ್ವಂತ ಪ್ರಾರ್ಥನೆ ಬಾಯಿಗೆ ಬಾರದ ಕಾಲದಲ್ಲಿ ಸಂಜೆ ಮನೆಯವರೊಂದಿಗೆ ತೇರ್ಸ್‌ಗೆ, ಅಂದರೆ ಜಪಮಾಲೆ ಪ್ರಾರ್ಥನೆಗೆ, ಕುಳಿತುಕೊಳ್ಳುತ್ತಿದ್ದೆ. ನನಗೆ ಆಗದ ಮಾತನ್ನು ಅಮ್ಮ ಹೇಳುತ್ತಿದ್ದರು, ಅಷ್ಟು ಸಾಕಾಗುತ್ತಿತ್ತು. ಕೋಲ್ಕತ್ತದ ಮದರ್ ತೆರೇಸಾ ತಮ್ಮ ಒಳಗಿನ ಕತ್ತಲೆಯ ಬಗ್ಗೆ ಗುರುಗಳಿಗೆ ಬರೆದ ಪತ್ರಗಳು 2007ರಲ್ಲಿ ಪ್ರಕಟವಾದವು. ಹಲವು ದಶಕ ದೇವರ ಸಾನ್ನಿಧ್ಯದ ಅನುಭವವಿಲ್ಲದೆ ಆ ತಾಯಿ ಸೇವೆ ನಡೆಸಿದ್ದರು. ಅನಿಸಿಕೆ ಇಲ್ಲದಿದ್ದರೆ ನಂಬಿಕೆಯೂ ಇಲ್ಲ ಎಂದುಕೊಳ್ಳಬೇಡಿ.

ಬೆಂಗಳೂರಿನಿಂದ, ಯುವಜನರ ಕೂಟ ನಡೆಸುವವರು:
ಟೀಚರ್ ಹೇಳಿದ್ದು ಸರಿ. ಆದರೆ ಸಿಸ್ಟರ್, ಕಾರ್ಡನ್ನು ಎಸೆಯಬೇಡಿ. ಹಿಂಬದಿ ಖಾಲಿಯಿರುತ್ತದೆ, ಇಡೀ ಅಧ್ಯಾಯ ಓದಿ ಆ ಮಾತು ಯಾರಿಗೆ, ಯಾವಾಗ ಬಂತು ಎಂದು ಅಲ್ಲಿ ಬರೆಯಿರಿ. ನಮ್ಮ ಕೂಟದ ಹುಡುಗರಿಗೆ ನಾನು ಇದನ್ನೇ ಮಾಡಿಸುತ್ತೇನೆ.

ಕೂಟವನ್ನೂ ಬಿಡಬೇಡಿ. ಮನಸ್ಸಿಲ್ಲದಿದ್ದರೆ ಸುಮ್ಮನೆ ಕುಳಿತಿರಿ, ಆಮೆನ್ ಬಂದಾಗ ಬರಲಿ. ಹೇಳಿದ್ದನ್ನು ಎಲ್ಲರ ಮುಂದೆ ಪ್ರಾರ್ಥನೆಯ ವಿಷಯವಾಗಿ ಮಾಡದ ಒಬ್ಬ ಹಿರಿಯರನ್ನು ಹುಡುಕಿಕೊಂಡು ಅವರೊಂದಿಗೆ ಮನಸ್ಸು ಬಿಚ್ಚಿ ಮಾತನಾಡಿ. ನಂಬುತ್ತೇನೆ, ನನ್ನ ಅಪನಂಬಿಕೆಗೆ ಸಹಾಯಮಾಡು ಎಂದು ಮಾರ್ಕ 9ರಲ್ಲಿ ಒಬ್ಬ ತಂದೆ ಯೇಸುವಿಗೆ ಒಂದೇ ಉಸಿರಿನಲ್ಲಿ ಎರಡನ್ನೂ ಹೇಳಿದ. ಯೇಸು ಅವನನ್ನು ಗದರಿಸಲಿಲ್ಲ, ಮಗನನ್ನು ಗುಣಪಡಿಸಿದ.

ಅಪ್ಪನ ವಿಷಯ ಒಂದಿದೆ. ಮಾತ್ರೆಯನ್ನೂ ಫಿಸಿಯೊಥೆರಪಿಯನ್ನೂ ನಿಲ್ಲಿಸುವುದೇ ನಂಬಿಕೆ ಎಂದು ಯಾರೇ ಹೇಳಿದರೂ ಕೇಳಬೇಡಿ. 2 ಅರಸುಗಳು 20ರಲ್ಲಿ ಅರಸ ಹಿಜ್ಕೀಯನಿಗೆ ಗುಣವಾಗುತ್ತದೆ, ಇನ್ನೂ 15 ವರ್ಷ ಆಯುಷ್ಯವಿದೆ ಎಂದು ದೇವರೇ ಮಾತು ಕೊಟ್ಟ ಮೇಲೆಯೂ ಪ್ರವಾದಿ ಯೆಶಾಯನು ಅಂಜೂರದ ಉಂಡೆ ತರಿಸಿ ಅವನ ಹುಣ್ಣಿಗೆ ಹಚ್ಚಿಸಿದನು.