ಐಪಿಎ ಹೆಸರಲ್ಲಿ ಇಂಡಿಯಾ ಯಾಕೆ? ಇಷ್ಟೊಂದು ಕಹಿ ಯಾಕೆ?

ಹೊಸರುಚಿ:
ಹೋದ ವಾರ ಗೆಳೆಯನ ಮನೆಯಲ್ಲಿ ಮೊದಲ ಸಲ ಇಂಡಿಯಾ ಪೇಲ್ ಏಲ್ (ಐಪಿಎ) ಅನ್ನುವ ಬಿಯರ್ ಕುಡಿದೆ. ಬಾಟಲಿ ಇಂಗ್ಲೆಂಡಿನದು. ಲೋಟ ಮೂಗಿನ ಹತ್ತಿರ ತಂದರೆ ಕಿತ್ತಳೆ ಸಿಪ್ಪೆ ಹಿಂಡಿದ ಘಮ. ಬಾಯಿಗೆ ಹಾಕಿದರೆ ಹಾಗಲಕಾಯಿ! ಇದಕ್ಕೆ ಹಣ್ಣು ಹಾಕುತ್ತಾರಾ? ಬೇರೆ ಬಿಯರ್ ಎಲ್ಲ ಹಡಗಿನಲ್ಲಿ ಕೆಟ್ಟುಹೋಗುತ್ತಿತ್ತು, ಅದಕ್ಕೇ ಹಾಜ್ಸನ್ ಅನ್ನುವವರು ಇಂಡಿಯಾಕ್ಕೆ ಅಂತಲೇ ಇದನ್ನು ಕಂಡುಹಿಡಿದರು ಅಂತ ಗೆಳೆಯ ಹೇಳಿದ. ನಿಜವಾ?

ಹಾಪ್ಸ್‌ಬಳ್ಳಿ:
ನಾನು 11 ವರ್ಷದಿಂದ ಬ್ರೂವರಿಯಲ್ಲಿ, ಅಂದರೆ ಬಿಯರ್ ತಯಾರಿಸುವ ಕಡೆ, ಕೆಲಸ ಮಾಡುತ್ತಿದ್ದೇನೆ. ಈ ಕಥೆ ನನಗೂ ಮೊದಲ ದಿನವೇ ಹೇಳಿದ್ದರು. ಆದರೆ ನಡೆದದ್ದು ಹಾಗಲ್ಲ.

ಜಾರ್ಜ್ ಹಾಜ್ಸನ್ ಅವರ ಬ್ರೂವರಿ ಲಂಡನ್ನಿನ ಪೂರ್ವದಲ್ಲಿ, ಬೋ ಎಂಬಲ್ಲಿತ್ತು. ಶುರುವಾದದ್ದು 1752ರಲ್ಲಿ. ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳು ನಿಲ್ಲುತ್ತಿದ್ದ ಬ್ಲ್ಯಾಕ್‌ವಾಲ್ ಅಲ್ಲಿಂದ ಹತ್ತಿರ. ಕ್ಯಾಪ್ಟನ್‌ಗಳು ಹಡಗಿನಲ್ಲಿ ತಮ್ಮ ಸ್ವಂತ ವ್ಯಾಪಾರದ ಸರಕನ್ನೂ ಒಯ್ಯಬಹುದಿತ್ತು. ಹಾಜ್ಸನ್ ಕಡೆಯವರು ಅವರಿಗೆ 18 ತಿಂಗಳವರೆಗೂ ಸಾಲಕ್ಕೆ ಬಿಯರ್ ಕೊಡುತ್ತಿದ್ದರು. ಜಾಗ ಹತ್ತಿರ, ಸಾಲವೂ ಧಾರಾಳ. ಕಲ್ಕತ್ತೆಯಲ್ಲಿ ಅವರ ಹೆಸರು ನಿಂತದ್ದು ಹೀಗೆ.

ಬಿಯರ್ ಮಾತ್ರ ಹೊಸದೇನಲ್ಲ. ಹಾಪ್ಸ್ ಎಂಬ ಕಹಿ ಹೂವನ್ನು ಜಾಸ್ತಿ ಹಾಕಿ, ಪೀಪಾಯಿಯಲ್ಲಿ ತುಂಬಾ ದಿನ ಇಟ್ಟು ಮಾಗಿಸುವ 'ಅಕ್ಟೋಬರ್ ಬಿಯರ್' ಇಂಗ್ಲೆಂಡಿನಲ್ಲಿ ಮೊದಲೇ ಇತ್ತು. ಬಿಸಿ ದೇಶಗಳಿಗೆ ಕಳಿಸುವ ಬಿಯರ್‌ಗೆ ಹಾಪ್ಸ್ ಜಾಸ್ತಿ ಹಾಕಿ ಅನ್ನುವ ಸಲಹೆ 1760ರ ದಶಕದಲ್ಲೇ ಬ್ರೂವರ್‌ಗಳಿಗೆ ಸಿಕ್ಕಿತ್ತು. ಇನ್ನು, ಬೇರೆ ಬಿಯರ್ ಎಲ್ಲ ಕೆಡುತ್ತಿತ್ತು ಅನ್ನುವುದು ಸುಳ್ಳು. ಕಪ್ಪು ಬಣ್ಣದ ಪೋರ್ಟರ್ ಕೂಡ ಅದೇ ದಾರಿಯಲ್ಲಿ ಚೆನ್ನಾಗಿಯೇ ಬಂದು ತಲುಪುತ್ತಿತ್ತು. ಸಿಪಾಯಿಗಳಿಗೆ ಅದು, ಅಧಿಕಾರಿಗಳಿಗೆ ಪೇಲ್ ಏಲ್.

ನನಗೆ ಈ ಕಥೆಯಲ್ಲಿ ತುಂಬಾ ಇಷ್ಟವಾಗುವುದು ಆ ಪ್ರಯಾಣವೇ. ಆಫ್ರಿಕಾದ ತುದಿ ಸುತ್ತಿಕೊಂಡು, ಭೂಮಧ್ಯರೇಖೆ ಎರಡು ಸಲ ದಾಟಿ, ನಾಲ್ಕರಿಂದ ಆರು ತಿಂಗಳು. ಪೀಪಾಯಿಗಳು ಹಡಗಿನ ಹೊಟ್ಟೆಯಲ್ಲಿ ಸೆಕೆಗೆ ಬೆವರುತ್ತಾ, ಅಲುಗಾಡುತ್ತಾ ಬರುತ್ತಿದ್ದವು. ನೆಲಮಾಳಿಗೆಯಲ್ಲಿ ವರ್ಷಗಟ್ಟಲೆ ಬೇಕಾಗುತ್ತಿದ್ದ ಮಾಗುವಿಕೆ ದಾರಿಯಲ್ಲೇ ಮುಗಿಯುತ್ತಿತ್ತು.

1822ರ ಹೊತ್ತಿಗೆ ಕಥೆ ಇಂಗ್ಲೆಂಡಿನದೇ ಬರ್ಟನ್ ಊರಿಗೆ ಹೋಯಿತು. ಹಾಜ್ಸನ್ ಮನೆತನದವರು ಇಡೀ ವ್ಯಾಪಾರ ತಮ್ಮ ಕೈಯಲ್ಲೇ ಇರಲಿ ಅಂತ ಹೊರಟಿದ್ದರು. ಇದರಿಂದ ಬೇಸತ್ತ ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕರೊಬ್ಬರು, ಅಂಥದೇ ಬಿಯರ್ ಮಾಡಿಕೊಡಿ ಅಂತ ಬರ್ಟನ್ನಿನ ಬ್ರೂವರ್ ಸ್ಯಾಮ್ಯುಯೆಲ್ ಆಲ್ಸಪ್ ಅವರನ್ನು ಕೇಳಿಕೊಂಡರು. ಆಲ್ಸಪ್ ಕಡೆಯವರು ಮೊದಲ ಮಾದರಿಯನ್ನು ಟೀ ಪಾಟ್‌ನಲ್ಲಿ ಮಾಡಿ ನೋಡಿದರು ಅನ್ನುವ ಕಥೆಯೂ ಇದೆ. ಬರ್ಟನ್ನಿನ ಬಾವಿ ನೀರಿನಲ್ಲಿ ಜಿಪ್ಸಮ್ ಎಂಬ ಖನಿಜ ಜಾಸ್ತಿ. ಅಂಥ ನೀರಿನಲ್ಲಿ ಹಾಪ್ಸ್ ಕಹಿ ನಾಲಿಗೆಗೆ ಅಂಟಿಕೊಳ್ಳದೆ ಚುರುಕಾಗಿ ಬಂದು ಹೋಗುತ್ತದೆ. ಈಗಲೂ ಐಪಿಎ ಮಾಡುವ ದಿನ ನಾವು ನೀರಿಗೆ ಜಿಪ್ಸಮ್ ತೂಕ ಮಾಡಿ ಹಾಕುತ್ತೇವೆ. ಅಂದಹಾಗೆ, 'ಈಸ್ಟ್ ಇಂಡಿಯಾ ಪೇಲ್ ಏಲ್' ಅನ್ನುವ ಹೆಸರು 1829ರಲ್ಲಿ ಸಿಡ್ನಿಯ ಪತ್ರಿಕೆಯೊಂದರ ಜಾಹೀರಾತಿನಲ್ಲೇ ಕಾಣುತ್ತದೆ. ಇಂಡಿಯಾದಲ್ಲಲ್ಲ!

ಈಗ ಕಿತ್ತಳೆ ವಿಷಯ. ಹಣ್ಣು ಹಾಕಿರಬೇಕಿಲ್ಲ. ಹಾಪ್ಸ್ ಅಂದರೆ ಒಂದು ಬಳ್ಳಿಯ ಹೂವು. ಒಣಗಿದ ಹೂವನ್ನು ಅಂಗೈಯಲ್ಲಿ ಉಜ್ಜಿ ನೋಡಿ. ಎಸಳುಗಳ ಬುಡದಿಂದ ಹಳದಿ ಪುಡಿ ಉದುರುತ್ತದೆ, ಕೈ ಅಂಟಂಟಾಗುತ್ತದೆ. ಕಹಿ, ಘಮ ಎರಡೂ ಇರುವುದು ಆ ಪುಡಿಯಲ್ಲೇ. ಸೋಪು ಹಾಕಿ ತೊಳೆದರೂ ಊಟಕ್ಕೆ ಕೂತಾಗ ಬೆರಳಲ್ಲಿ ಆ ಘಮ ಇರುತ್ತದೆ. ಒಂದು ಗಂಟೆ ಕುದಿಸಿದರೆ ಕಹಿ ಬಿಡುತ್ತದೆ, ಘಮದ ಎಣ್ಣೆ ಹಬೆಯಲ್ಲಿ ಹಾರಿಹೋಗುತ್ತದೆ. ಘಮ ಬೇಕಾದರೆ ಬಿಯರ್ ತಣ್ಣಗಾದ ಮೇಲೆ ಇನ್ನಷ್ಟು ಹಾಪ್ಸ್ ನೆನೆಹಾಕಬೇಕು.

ಗೋಲ್ಡಿಂಗ್ಸ್, ಫಗಲ್‌ನಂಥ ಇಂಗ್ಲೆಂಡಿನ ಹಾಪ್ಸ್‌ಗೆ ಮಣ್ಣು, ಒಣಹುಲ್ಲಿನ ಮೆತ್ತಗಿನ ವಾಸನೆ. ಸಿಟ್ರಸ್ ಘಮದ ಕ್ಯಾಸ್ಕೇಡ್ ತಳಿ ಅಮೆರಿಕದ್ದು, 1972ರಲ್ಲಿ ಬಂತು. ನಿಮ್ಮ ಬಾಟಲಿ ಇಂಗ್ಲೆಂಡಿನದೇ ಆದರೂ ಹಾಪ್ಸ್ ಅಮೆರಿಕದ ತಳಿ ಇರಬೇಕು.

ಸಂಜೆಮಲ್ಲಿಗೆ:
ಹಳೆಯ ಐಪಿಎ ಕೆಡದಿರಲು ಆಲ್ಕೋಹಾಲ್ ತುಂಬಾ ಜಾಸ್ತಿ ಇರುತ್ತಿತ್ತು ಅಂತ ಓದಿದ್ದೆ. ಇನ್ನೊಂದು ಮಾತು, ನಾನು ತಂದ ಐಪಿಎಯಲ್ಲಿ ಕಿತ್ತಳೆ ಘಮ ಒಂಚೂರೂ ಇರಲಿಲ್ಲ. ಒದ್ದೆ ರಟ್ಟಿನ ವಾಸನೆ.

ಹಾಪ್ಸ್‌ಬಳ್ಳಿ:
ಇಲ್ಲ, ಸುಮಾರು 6ರಿಂದ 6.5 ಶೇಕಡಾ ಅಷ್ಟೇ. ಆ ಕಾಲಕ್ಕೆ ಅದು ಜಾಸ್ತಿಯೇನಲ್ಲ. ಹುಳಿ ಮಾಡುವ ಬ್ಯಾಕ್ಟೀರಿಯಾವನ್ನು ತಡೆಯುವುದರಲ್ಲಿ ಹಾಪ್ಸ್ ಕಹಿಯದೇ ದೊಡ್ಡ ಪಾಲು.

ಒದ್ದೆ ರಟ್ಟಿನ ವಾಸನೆ ಬಂದರೆ ಬಿಯರ್‌ಗೆ ಗಾಳಿ ತಾಗಿ ಹಳತಾಗಿದೆ ಅಂತ ಅರ್ಥ. ಸೆಕೆಯಲ್ಲಿಟ್ಟರೆ ಇನ್ನೂ ಬೇಗ. ಆಗಿನವರಿಗೆ ತಿಂಗಳುಗಟ್ಟಲೆ ಮಾಗಿದ ರುಚಿ ಬೇಕಿತ್ತು, ನಮಗೆ ಹಸಿ ಘಮ ಬೇಕು. ಆ ಘಮ ಎಲ್ಲಕ್ಕಿಂತ ಮೊದಲು ಹೋಗುತ್ತದೆ. ತಯಾರಾದ ದಿನಾಂಕ ನೋಡಿ ತನ್ನಿ, ಮೂರು ತಿಂಗಳ ಒಳಗಿನದಾದರೆ ಒಳ್ಳೆಯದು. ಫ್ರಿಜ್‌ನಲ್ಲಿಡಿ, ಬಿಸಿಲು ತಾಗಿಸಬೇಡಿ.

ಹೊಸರುಚಿ:
ತುಂಬಾ ಥ್ಯಾಂಕ್ಸ್. ಗೆಳೆಯನ ಮನೆಯಲ್ಲಿ ಇನ್ನೊಂದು ಬಾಟಲಿ ಉಳಿದಿದೆ. ಈ ಸಲ ಕುಡಿಯುವ ಮುಂಚೆ ಸ್ವಲ್ಪ ಹೊತ್ತು ಮೂಸಿ ನೋಡುತ್ತೇನೆ.

ಹಾಪ್ಸ್‌ಬಳ್ಳಿ:
ಫ್ರಿಜ್‌ನಿಂದ ತೆಗೆದು ಹತ್ತು ನಿಮಿಷ ಬಿಟ್ಟು ಲೋಟಕ್ಕೆ ಹಾಕಿ. ತೀರಾ ತಣ್ಣಗಿದ್ದರೆ ಘಮ ಏಳುವುದಿಲ್ಲ.