ಡಿಶ್‌ಗೆ ಮೋಟರ್ ಜೋಡಿಸಿದ ಮೇಲೆ ಅಂಚಿನ ಉಪಗ್ರಹಗಳು ಸಿಗುತ್ತಿಲ್ಲ

ಪ್ರಶ್ನೆ: 90 ಸೆಂಟಿಮೀಟರ್ ಡಿಶ್‌ಗೆ ಡೈಸೆಕ್ 1.2 ಮೋಟರ್ (ರಿಸೀವರ್ ಕಳಿಸುವ ಆದೇಶದಂತೆ ಡಿಶ್ ತಿರುಗಿಸುವ ಮೋಟರ್) ಜೋಡಿಸಿದ್ದೇನೆ. ನಡುವಿನ ಉಪಗ್ರಹಗಳ ಸಿಗ್ನಲ್ ಚೆನ್ನಾಗಿಯೇ ಬರುತ್ತದೆಯಾದರೂ, ಪೂರ್ವ ಅಥವಾ ಪಶ್ಚಿಮದ ಅಂಚಿಗೆ ತಿರುಗಿಸಿದೊಡನೆ ಪೂರ್ತಿ ಕುಸಿಯುತ್ತದೆ. ದೋಷ ಮೋಟರಿನದೇ?

ಉತ್ತರ 1: ಮೋಟರನ್ನು ಅನುಮಾನಿಸುವ ಮೊದಲು ಕಂಬಕ್ಕೆ ತೂಗುಗುಂಡು ಹಿಡಿದು ನೋಡಿ. ಕಂಬ ಒಂದೇ ಡಿಗ್ರಿ ವಾಲಿದ್ದರೂ, ನಡುವೆ ಸರಿಹೊಂದಿದ ಡಿಶ್ ಅಂಚುಗಳಲ್ಲಿ ಉಪಗ್ರಹಗಳು ಸಾಲಾಗಿರುವ ಆಕಾಶದ ಕಮಾನಿನಿಂದ ಜಾರುತ್ತದೆ. ಒಂದೇ ಬದಿಯಿಂದ ನೋಡಿ ತೃಪ್ತರಾಗಬೇಡಿ. ನಾನು ಹಾಗೆ ಮಾಡಿ ಎರಡು ದಿನ ಕಳೆದುಕೊಂಡೆ.

ಉತ್ತರ 2: ಅಂಚಿನಲ್ಲಿರುವಾಗ ಡಿಶ್‌ನ ಮೇಲ್ತುದಿಯನ್ನು ಬೆರಳಿನಿಂದ ಮೆಲ್ಲನೆ ಹಿಂದಕ್ಕೆ ಒತ್ತಿ, ಮುಂದಕ್ಕೆ ಎಳೆದು, ಸಿಗ್ನಲ್ ಯಾವಾಗ ಏರುತ್ತದೆಂದು ಗಮನಿಸಿ. ಪೂರ್ವದಲ್ಲಿ ಒತ್ತಿದಾಗಲೂ ಪಶ್ಚಿಮದಲ್ಲಿ ಎಳೆದಾಗಲೂ ಏರುವುದಾದರೆ, ಮೋಟರಿನ ಸೊನ್ನೆ (ಯಾವ ಕಡೆಗೂ ತಿರುಗದ ನಡುಸ್ಥಾನ) ನಿಜವಾದ ಉತ್ತರ-ದಕ್ಷಿಣ ರೇಖೆಗೆ ಹೊಂದಿಲ್ಲ. ದಿಕ್ಸೂಚಿ ತೋರಿಸುವುದು ಕಾಂತೀಯ ಉತ್ತರವನ್ನು, ನಿಜವಾದ ಉತ್ತರವನ್ನಲ್ಲ. ಎರಡೂ ಕಡೆ ಒತ್ತಿದಾಗಲೇ ಏರಿದರೆ ಮೋಟರಿನಲ್ಲಿ ನಿಮ್ಮ ಊರಿನ ಅಕ್ಷಾಂಶಕ್ಕೆ ಹೊಂದಿಸಿದ ಕೋನವನ್ನು ತಿದ್ದಬೇಕು.

ಪ್ರಶ್ನೆ ಕೇಳಿದವರು: ಕಂಬ ನೇರವಾಗಿಯೇ ಇತ್ತು, ದಿಕ್ಕು ತಪ್ಪಿತ್ತು. ಮೋಟರನ್ನು ಕೂದಲೆಳೆಯಷ್ಟು ತಿರುಗಿಸಿದ ಮೇಲೆ ಎರಡೂ ಅಂಚುಗಳು ಸಿಕ್ಕಿವೆ.