ಸಹಾಯ ಬೇಕು: ಕಾರವಾರ–ಅಂಕೋಲಾ ಕಡೆ ನಂಬಿಕಸ್ಥರ ಗಾವಠಿ (ನಾಟಿ ಕೋಳಿ) ಮೊಟ್ಟೆ

ವಾರಕ್ಕೆ 30 ಮೊಟ್ಟೆ ಬೇಕು, ಹಿತ್ತಲಲ್ಲಿ ಬಿಟ್ಟು ಮೇಯಿಸಿದ ಕೋಳಿಯದ್ದು. ಮನೆಗೇ ಬಂದು ಒಯ್ಯುತ್ತೇವೆ. ಕಾರವಾರದ ರವಿವಾರ ಸಂತೆಯಲ್ಲಿ ಸಿಗುತ್ತದೆ, ನಿಜ. ಆದರೆ ಬುಟ್ಟಿ ನೋಡಿ ಕೋಳಿ ಹೇಗೆ ಬೆಳೆಯಿತೆಂದು ಹೇಳಲಾಗದು. ಕಂದು ಸಿಪ್ಪೆ ಪುರಾವೆಯಲ್ಲ, ಪಂಜರದಲ್ಲಿ ಸಾಕುವ ಬಿವಿ-380 ಎಂಬ ಫಾರಂ ತಳಿಯ ಕೋಳಿ ಇಡುವುದೂ ಕಂದು ಮೊಟ್ಟೆಯೇ. ಒಳಗಿನ ಹಳದಿ ಲೋಳೆ ಕಡುವಾಗಿರುವುದೂ ಪುರಾವೆಯಲ್ಲ; ಮೆಕ್ಕೆಜೋಳ, ಚೆಂಡುಹೂವಿನ ಪುಡಿ ತಿನ್ನಿಸಿದರೆ ಅದು ಬರುತ್ತದೆ. ನೀರಲ್ಲಿ ಮುಳುಗಿಸಿ ನೋಡಿದರೆ ತಿಳಿಯುವುದು ತಾಜಾತನವಷ್ಟೇ.

ಹಾಗಾಗಿ ಲೆಕ್ಕ ನೋಡುವುದೇ ವಾಸಿ. ಊರ ಹೇಂಟೆ ಹತ್ತು-ಹದಿನೈದು ಮೊಟ್ಟೆ ಇಟ್ಟು ಕಾವಿಗೆ ಕೂರುತ್ತದೆ, ಆಗ ಮೊಟ್ಟೆ ಇಡುವುದು ನಿಲ್ಲುತ್ತದೆ. ಹತ್ತೇ ಹೇಂಟೆ ಇರುವವರು ವರ್ಷವಿಡೀ ವಾರಕ್ಕೆ 60 ಕೊಡುತ್ತೇವೆಂದರೆ ಎಲ್ಲಿಂದಲೋ ತಂದು ಸೇರಿಸುತ್ತಿದ್ದಾರೆ ಎಂದೇ ಅರ್ಥ. ಮಳೆಗಾಲದಲ್ಲಿ ಕಡಿಮೆಯಾದರೆ ನಮ್ಮ ತಕರಾರಿಲ್ಲ.

ಗೊತ್ತಿದ್ದವರು ದಯವಿಟ್ಟು ಇಷ್ಟು ತಿಳಿಸಿ: ಊರು, ಹೇಂಟೆಗಳೆಷ್ಟು, ಹೊರಗೆ ಎಷ್ಟು ಹೊತ್ತು ಬಿಡುತ್ತಾರೆ, ಮೇಲಿಂದ ಏನು ಹಾಕುತ್ತಾರೆ, ದರ. ಹುಂಜ ಇದ್ದರೆ ಮೊಟ್ಟೆ ದಿನಾ ಎತ್ತುತ್ತಾರೋ ಎಂಬುದು ಮುಖ್ಯ. ಏಪ್ರಿಲ್-ಮೇ ಸೆಕೆಗೆ ಕಾವಿಲ್ಲದೆಯೂ ಒಳಗೆ ಮರಿ ಕಟ್ಟಲು ಶುರುವಾಗಿ, ಒಡೆದಾಗ ರಕ್ತದ ಗೆರೆ ಕಾಣುತ್ತದೆ. ಸಿಪ್ಪೆಯ ಮೇಲೆ ಪೆನ್ಸಿಲ್‌ನಲ್ಲಿ ತಾರೀಖು ಬರೆದುಕೊಡುವವರಿಗೆ ಎರಡು ರೂಪಾಯಿ ಜಾಸ್ತಿ ಕೊಡಲೂ ತಯಾರು.